ಕಿಡಿ ನಿಂತಾಗಲೇ ಹುಷಾರು

(ಮಳೆಗಾಲ ಶುರುವಾಗುವ ಮುಂಚೆ ಸಾಗರದಲ್ಲಿ ಗೇಟು, ಗ್ರಿಲ್ಲು, ಶೀಟಿನ ಕೆಲಸ ಮಾಡುವವರು ಸೇರಿದ್ದರು. ಅಲ್ಲಿ ಆಡಿದ ಮಾತಿನ ಬರಹ ರೂಪ ಇದು. ಉದ್ದವಾದ ಕಡೆ ಕತ್ತರಿಸಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಮುಕ್ಕಾಲು ಜನಕ್ಕೆ ನನಗಿಂತ ಚೆನ್ನಾಗಿ ವೆಲ್ಡಿಂಗ್ ಬರುತ್ತದೆ. ನಾನು ಐಟಿಐಯಲ್ಲಿ ಪಾಠ ಹೇಳುವವನು, ನೀವು ದಿನಾ ಮಾಡುವವರು. ಹಾಗಾಗಿ ಬೀಡ್, ಅಂದರೆ ವೆಲ್ಡಿಂಗಿನ ಗೆರೆ, ಹೇಗೆ ಎಳೆಯಬೇಕು ಅಂತ ಹೇಳೋಕೆ ಬಂದಿಲ್ಲ. ಸೇಫ್ಟಿ ಭಾಷಣ ಅಂದರೆ ಏನಾಗುತ್ತದೆ ಅಂತ ನನಗೂ ಗೊತ್ತು. ಗ್ಲೌಸ್ ಹಾಕಿ, ಶೂ ಹಾಕಿ ಅಂತ ಒಬ್ಬರು ಚಾರ್ಟ್ ತೋರಿಸುತ್ತಾರೆ, ನೀವು ಟೀ ಕುಡಿದು ಮನೆಗೆ ಹೋಗುತ್ತೀರಿ. ನಾನು ಚಾರ್ಟ್ ತಂದಿಲ್ಲ. ಟೀ ಮಾತ್ರ ಇದೆಯಂತೆ.

ಒಂದೇ ವಿಷಯ ಹೇಳುತ್ತೇನೆ. ಕಿಡಿ ಹಾರುವಾಗ ನಾವೆಲ್ಲ ಹುಷಾರಾಗಿಯೇ ಇರುತ್ತೇವೆ. ಮುಖ ಮುಚ್ಚಿಕೊಳ್ಳುತ್ತೇವೆ, ಪಕ್ಕದವನಿಗೆ ‘ನೋಡಬೇಡ’ ಅನ್ನುತ್ತೇವೆ. ಕಿಡಿ ನಿಂತ ತಕ್ಷಣ ಮೈ ಸಡಿಲ. ಆದರೆ ಈ ಕೆಲಸದ ದೊಡ್ಡ ಅನಾಹುತಗಳಲ್ಲಿ ಬಹಳಷ್ಟು ಆಗುವುದೇ ಆಗ. ರಾಡ್ ಬದಲಿಸುವಾಗ, ಕೇಬಲ್ ಎಳೆಯುವಾಗ, ಬಾಗಿಲು ಹಾಕಿ ಮನೆಗೆ ಹೋದ ಮೇಲೆ.

ಮೊದಲು ಶಾಕ್ ವಿಷಯ ತಗೊಳ್ಳೋಣ. ಇದರ ಬಗ್ಗೆ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ನಾವು ಅತಿ ಕಡಿಮೆ ಹೆದರುವುದು ಇದಕ್ಕೇ. ‘ಹೋಲ್ಡರ್ ಕಡೆ ಏನಿಲ್ಲ ಸಾರ್, ಸ್ವಲ್ಪ ಝುಂ ಅನ್ನುತ್ತೆ ಅಷ್ಟೆ’ ಅಂತ ಹೇಳದ ವೆಲ್ಡರ್ ಇದ್ದರೆ ಕೈ ಎತ್ತಿ. (ನಗು. ಯಾರೂ ಎತ್ತಲಿಲ್ಲ.)

ಹೋಲ್ಡರಿನಲ್ಲಿ, ಅಂದರೆ ಕೈಯಲ್ಲಿ ಹಿಡಿಯುವ ಇಕ್ಕಳದಲ್ಲಿ, ಸಿಕ್ಕಿಸಿದ ರಾಡ್ ಉರಿಯುತ್ತಿರುವಾಗ ತುದಿಗೂ ಕಬ್ಬಿಣಕ್ಕೂ ನಡುವೆ ಇರುವುದು 20ರಿಂದ 30 ವೋಲ್ಟ್. ಅದೇ ರಾಡ್ ಮೇಲೆತ್ತಿ, ಕಿಡಿ ಆರಿತು. ಈಗ ಎಷ್ಟು? ಹಳೇ ಟ್ರಾನ್ಸ್‌ಫಾರ್ಮರ್ ಮಷೀನಿನಲ್ಲಿ 60, 70, 80. ಮಷೀನಿನ ಮೇಲಿನ ಪ್ಲೇಟಿನಲ್ಲಿ ಓಸಿವಿ ಅಂತ ಬರೆದಿರುವುದು ಇದನ್ನೇ. ನಲ್ಲಿ ಬಿಟ್ಟಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಕಟ್ಟಿದರೆ ಏರುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. ಕಿಡಿ ಉರಿಯುತ್ತಿದ್ದಾಗ ಇಳಿದಿದ್ದ ವೋಲ್ಟೇಜು ಕಿಡಿ ನಿಂತಾಗ ಪೂರ್ತಿ ಏರಿ ಕೂತಿರುತ್ತದೆ. ಆ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ? ಹೋಲ್ಡರ್ ಒತ್ತಿ, ಮೋಟು ತುಂಡು ಬೀಳಿಸಿ, ಬರಿಗೈಯಲ್ಲಿ ಹೊಸ ರಾಡ್ ಸಿಕ್ಕಿಸುತ್ತೀರಿ. ಇನ್ನೊಂದು ಕೈ ಗೇಟಿನ ಮೇಲೆ.

80 ವೋಲ್ಟ್ ಏನು ಮಹಾ ಅಂತ ಅನಿಸಬಹುದು. ಲೆಕ್ಕ ಹಾಕಿ ನೋಡೋಣ. ಒಣಗಿದ ಗಟ್ಟಿ ಚರ್ಮ ಕರೆಂಟನ್ನು ಚೆನ್ನಾಗಿಯೇ ತಡೆಯುತ್ತದೆ. ನಿಮ್ಮ ಕೈಗಳು ದಡ್ಡುಗಟ್ಟಿವೆ, ಅದಕ್ಕೇ ಇಷ್ಟು ವರ್ಷ ಝುಂ ಅಂತ ಅನಿಸಿದ್ದು. ಆದರೆ ಬೆವರಿನಲ್ಲೋ ಮಳೆಯಲ್ಲೋ ನೆನೆದ ಮೈಯ ತಡೆ ಬಹಳ ಇಳಿಯುತ್ತದೆ. ಅದನ್ನು ಸುಮಾರು 1000 ಓಮ್ ಅಂತ ಇಟ್ಟುಕೊಳ್ಳುವುದು ರೂಢಿ. 80ನ್ನು 1000ದಿಂದ ಭಾಗಿಸಿ. 0.08 ಆಂಪಿಯರ್, ಅಂದರೆ 80 ಮಿಲಿಆಂಪ್. 10ರ ಆಸುಪಾಸಿನಲ್ಲೇ ಕೈ ಬಿಗಿದುಕೊಂಡು, ಹಿಡಿದದ್ದನ್ನು ಬಿಡಲಿಕ್ಕೆ ಆಗದಂತಾಗುತ್ತದೆ. 30ರ ಹೊತ್ತಿಗೆ ಉಸಿರು ಕಟ್ಟಬಹುದು. 50 ದಾಟಿ ಕೆಲವು ಸೆಕೆಂಡು ಎದೆಯ ಮೂಲಕ ಹರಿದರೆ ಹೃದಯದ ಬಡಿತವೇ ಹದ ತಪ್ಪಬಹುದು. ನಮ್ಮ ಲೆಕ್ಕಕ್ಕೆ ಬಂದದ್ದು 80.

ಇಲ್ಲಿ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ಸಾರ್, ನಮ್ಮ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದ್ದೀನಿ. ಟ್ರಿಪ್ ಆಗುತ್ತಲ್ಲ?’

ಒಳ್ಳೇ ಪ್ರಶ್ನೆ. ಆಗುವುದಿಲ್ಲ. ಆರ್‌ಸಿಸಿಬಿ ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಅದು ನೋಡುವುದು ಇಷ್ಟೇ: ಒಳಗೆ ಹೋದ ಕರೆಂಟು ಪೂರ್ತಿ ವಾಪಸ್ ಬಂತಾ, ಇಲ್ವಾ. ಮಷೀನಿನೊಳಗೆ ತಂತಿಯ ಎರಡು ಸುತ್ತುಗಳಿವೆ, ಒಂದಕ್ಕೊಂದು ವೈರಿನ ಸಂಬಂಧ ಇಲ್ಲ. ಹೋಲ್ಡರಿನಿಂದ ನಿಮ್ಮ ಮೈಗೆ ಹರಿದದ್ದು ಕಬ್ಬಿಣದ ಮೂಲಕ ಎರಡನೇ ಸುತ್ತಿಗೇ ವಾಪಸ್ ಹೋಗುತ್ತದೆ. ಬೋರ್ಡಿನ ಕಡೆ ಲೆಕ್ಕ ಸರಿಯಾಗಿಯೇ ಇರುತ್ತದೆ. ನೀವು ಒದ್ದಾಡುತ್ತಿದ್ದರೂ ಅದು ಸುಮ್ನೆ ಕೂತಿರುತ್ತದೆ. ಹಾಗಂತ ತೆಗೆದು ಬಿಸಾಡಬೇಡಿ. ಇನ್‌ಪುಟ್ ವೈರಿನ ಸಿಪ್ಪೆ ಸುಲಿದು ಮಷೀನಿನ ಮೈಗೆ ಕರೆಂಟ್ ಬಂದರೆ ಜೀವ ಉಳಿಸುವುದು ಅದೇ. ಎರಡು ಫೇಸಿನ ಮೇಲೆ ಓಡುವ ಮಷೀನಾದರೆ ಒಳಗೆ ಹೋಗುತ್ತಿರುವುದು 415 ವೋಲ್ಟ್, ನೆನಪಿರಲಿ. ಸಾಕೆಟ್ಟಿಗೆ ವೈರು ಚುಚ್ಚಿ ಬೆಂಕಿಕಡ್ಡಿ ಸಿಕ್ಕಿಸುವವರು ಇಲ್ಲಿ ಯಾರೂ ಇಲ್ಲ ಅಂದುಕೊಂಡು ಮುಂದೆ ಹೋಗುತ್ತೇನೆ.

ಹೋಲ್ಡರ್ ಕಡೆ ಟ್ರಿಪ್ ಸ್ವಿಚ್ ಕಾಯುವುದಿಲ್ಲ ಅಂದಮೇಲೆ ಅಲ್ಲಿ ನಿಮ್ಮನ್ನು ಕಾಯುವುದು ಒಣಗಿದ ಗ್ಲೌಸ್, ಒಣಗಿದ ಶೂ, ಕಾಲ ಕೆಳಗೆ ಒಂದು ಒಣ ಹಲಗೆ. ಇಷ್ಟೇ. ಗ್ಲೌಸ್ ಅಂದರೆ ಚರ್ಮದ್ದು, ತೂತಿಲ್ಲದ್ದು, ಎರಡೂ ಕೈಗೆ. ಬಲಗೈಗೆ ಮಾತ್ರ ಹಾಕಿ ಎಡಗೈಯಲ್ಲಿ ಬರಿದೇ ಜಾಬ್, ಅಂದರೆ ವೆಲ್ಡ್ ಮಾಡುತ್ತಿರುವ ಕಬ್ಬಿಣ, ಹಿಡಿದರೆ ಕರೆಂಟಿಗೆ ಎದೆಯ ಮೂಲಕವೇ ದಾರಿ ಮಾಡಿಕೊಟ್ಟ ಹಾಗೆ. ಬೆವರಿನಲ್ಲಿ ತೊಯ್ದ ಗ್ಲೌಸ್ ಕೆಲಸಕ್ಕೆ ಬಾರದು. ಎರಡು ಜೊತೆ ಇಟ್ಟುಕೊಳ್ಳಿ, ಒಂದು ಒಣಗುತ್ತಿರಲಿ. ಹೋಲ್ಡರಿನ ದವಡೆಯ ಮೇಲಿನ ಇನ್ಸುಲೇಶನ್ ಒಡೆದಿದ್ದರೆ ಬಟ್ಟೆ ಸುತ್ತಬೇಡಿ, ಹೋಲ್ಡರನ್ನೇ ಬದಲಿಸಿ. ಬಿಸಿ ಹೋಲ್ಡರನ್ನು ನೀರಿನ ಬಕೆಟ್ಟಿಗೆ ಅದ್ದುವವರನ್ನು ನೋಡಿದ್ದೇನೆ. ಅದ್ದಿದ ಮೇಲೆ ಅದೇ ಒದ್ದೆ ಹಿಡಿಯನ್ನೇ ಹಿಡಿಯುತ್ತಾರೆ! ಕೇಬಲ್ಲನ್ನು ಭುಜಕ್ಕೋ ಸೊಂಟಕ್ಕೋ ಸುತ್ತಿಕೊಂಡು ಟ್ರಸ್, ಅಂದರೆ ಮಾಡಿನ ಕಬ್ಬಿಣದ ಚೌಕಟ್ಟು, ಹತ್ತುವುದೂ ಬೇಡ. ಮೇಲೆ ಸಣ್ಣ ಶಾಕ್ ಹೊಡೆದರೂ ಸಾಕು, ಮಿಕ್ಕಿದ್ದನ್ನು ಬೀಳುವುದೇ ಮಾಡುತ್ತದೆ.

ನಮ್ಮ ಕಡೆಯ ಅತಿ ಕೆಟ್ಟ ಜಾಗ ಯಾವುದು ಗೊತ್ತಾ? ನೀರಿನ ಟ್ಯಾಂಕರಿನ ಒಳಗೆ ಕೂತು ಲೀಕ್ ಮುಚ್ಚುವುದು. ಸುತ್ತ ಆರೂ ಕಡೆ ಕಬ್ಬಿಣ, ತಳದಲ್ಲಿ ಒಂದಿಷ್ಟು ನೀರು, ಒಳಗೆ ಬೇಗೆ, ಅಂಗಿಯೆಲ್ಲ ಬೆವರು. ಬೆನ್ನು, ಮೊಣಕಾಲು, ಮೊಣಕೈ ಎಲ್ಲ ಜಾಬಿಗೇ ತಾಗಿಕೊಂಡಿರುತ್ತವೆ. ಹೋಲ್ಡರಿನ ಬಾಯಿ ಕುತ್ತಿಗೆಗೆ ಒಂದು ಸಲ ತಾಗಿದರೆ ಮುಗಿಯಿತು, ಹೊರಗಿದ್ದವನಿಗೆ ಕೂಗೂ ಕೇಳಿಸುವುದಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ಎ ಕಲಮಿನಲ್ಲಿ ಟ್ಯಾಂಕು, ಗುಂಡಿಯಂಥ ಇಕ್ಕಟ್ಟಾದ ಜಾಗದ ಬಗ್ಗೆ ಒಂದು ಮಾತಿತ್ತು: ತಕ್ಕ ರಕ್ಷಣೆ ಇಲ್ಲದೆ 24 ವೋಲ್ಟ್‌ಗಿಂತ ಜಾಸ್ತಿಯ ಕೈದೀಪವನ್ನಾಗಲಿ, ಬೇರೆ ವಿದ್ಯುತ್ ಉಪಕರಣವನ್ನಾಗಲಿ ಒಳಗೆ ಒಯ್ಯಬಾರದು. ನಾವು ಬಲ್ಬಿಗೇ 24 ದಾಟಬಾರದು ಅನ್ನುವ ಜಾಗಕ್ಕೆ 80 ವೋಲ್ಟಿನ ಹೋಲ್ಡರ್ ಹಿಡಿದು ಇಳಿಯುತ್ತೇವೆ. ಇಳಿಯಲೇಬೇಕಾದರೆ ಮಷೀನು ಹೊರಗಿರಲಿ, ಕೆಳಗೆ ರಬ್ಬರ್ ಮ್ಯಾಟೋ ಒಣ ಹಲಗೆಯೋ ಇರಲಿ, ಗಾಳಿಗೆ ಬ್ಲೋವರ್ ಇರಲಿ. ಒಳಗೆ ಗಾಳಿ ಸಾಲದು ಅಂತ ಆಕ್ಸಿಜನ್ ಸಿಲಿಂಡರ್ ಮಾತ್ರ ಬಿಡಬೇಡಿ, ಹಾಕಿಕೊಂಡ ಬಟ್ಟೆಯೇ ಭಗ್ ಅಂತ ಹತ್ತಿಕೊಳ್ಳುತ್ತದೆ. ಬಾಯಿಯ ಹತ್ತಿರ ಒಬ್ಬ ನಿಂತು ನಿಮ್ಮನ್ನೇ ನೋಡುತ್ತಿರಬೇಕು. ಸ್ವಿಚ್ ಅವನ ಕೈಗೆ ಎಟಕುವಂತಿರಬೇಕು.

ಯಾರಿಗಾದರೂ ಕರೆಂಟ್ ಹಿಡಿದರೆ ಮೊದಲು ಸ್ವಿಚ್ ಆಫ್ ಮಾಡಿ. ಮೈ ಮುಟ್ಟಿ ಎಳೆಯಬೇಡಿ. ಸ್ವಿಚ್ ದೂರ ಇದ್ದರೆ ಒಣ ಮರದ ತುಂಡಿನಿಂದ ಹೋಲ್ಡರನ್ನು ತಳ್ಳಿ. ಉಸಿರಾಡದಿದ್ದರೆ 108ಕ್ಕೆ ಫೋನ್ ಮಾಡಿಸಿ, ಅಷ್ಟರಲ್ಲಿ ಎದೆಯ ಮಧ್ಯ ಎರಡೂ ಅಂಗೈ ಇಟ್ಟು ಒತ್ತಲು ಶುರು ಮಾಡಿ. ನಿಮಿಷಕ್ಕೆ 100ರಿಂದ 120 ಸಲ, ಎದೆ ಎರಡು ಇಂಚು ತಗ್ಗುವಷ್ಟು ಜೋರಾಗಿ. ಆಂಬುಲೆನ್ಸ್ ಬರುವ ತನಕ ಬಿಡಬೇಡಿ.

ಈಗ ಇನ್ನೊಂದು ಕೇಬಲ್ಲಿಗೆ ಬರೋಣ. ನೀವೆಲ್ಲ ಅದನ್ನು ಅರ್ತ್ ಅನ್ನುತ್ತೀರಿ. ಕೆಲಸದಲ್ಲಿ ನೋಡಿದರೆ ಅದು ಅರ್ತ್ ಅಲ್ಲ, ಕರೆಂಟು ವಾಪಸ್ ಬರುವ ದಾರಿ. ಮಷೀನಿನ ಮೈಗೆ ಹಾಕುವ ಹಸಿರು ವೈರೇ ಬೇರೆ, ಇದೇ ಬೇರೆ. ಹತ್ತು ನಂಬರ್ ರಾಡಿನಲ್ಲಿ, ಅಂದರೆ 3.15 ಎಂಎಂ ರಾಡಿನಲ್ಲಿ ನೀವು 100, 120 ಆಂಪಿಯರ್ ಓಡಿಸುತ್ತೀರಿ. ಹೋಲ್ಡರಿನಲ್ಲಿ ಎಷ್ಟು ಹೋಯಿತೋ ಅಷ್ಟೂ ವಾಪಸ್ ಬರಬೇಕು. ಹೋಗುವ ದಾರಿಗೆ ದಪ್ಪ ಕೇಬಲ್, ಬರುವ ದಾರಿಗೆ ಮಾತ್ರ ನೆಲದ ಮೇಲೆ ಬಿಸಾಕಿದ ಒಂದು ಆಂಗಲ್ ತುಂಡು! ಕ್ಲ್ಯಾಂಪ್ ಇರುವ ಅಂಗಡಿ ಎಷ್ಟಿವೆ ಹೇಳಿ.

ಒಂದು ಟ್ರಾಕ್ಟರ್ ಟ್ರೈಲರ್ ರಿಪೇರಿಗೆ ಬಂದಿದೆ ಅಂತ ಇಟ್ಟುಕೊಳ್ಳಿ. ಅದು ರಬ್ಬರ್ ಟೈರಿನ ಮೇಲೆ ನಿಂತಿದೆ. ವಾಪಸ್ ಕೇಬಲ್ ಕಟ್ಟಿದ ಆಂಗಲ್ ತುಂಡಿನ ಒಂದು ತುದಿ ಟ್ರೈಲರಿಗೆ ಒರಗಿದೆ, ಇನ್ನೊಂದು ತುದಿ ಶೆಡ್ಡಿನ ಕಬ್ಬಿಣದ ಕಂಬಕ್ಕೆ ತಾಗಿದೆ. ಟ್ರೈಲರಿನ ಮೇಲೆ ಯಾರೋ ಕಬ್ಬಿಣದ ಮೈಯ, ಮೂರು ಪಿನ್ನಿನ ಹಳೇ ಡ್ರಿಲ್ಲಿಂಗ್ ಮಷೀನ್ ಇಟ್ಟಿದ್ದಾರೆ. ಯಾರದೋ ಕಾಲು ತಾಗಿ ಆಂಗಲ್ ಟ್ರೈಲರಿನಿಂದ ಜಾರಿತು. ಆದರೂ ರಾಡ್ ಉರಿಯುತ್ತಲೇ ಇದೆ. ಕರೆಂಟು ಎಲ್ಲಿಂದ ವಾಪಸ್ ಹೋಗುತ್ತಿದೆ? ಟ್ರೈಲರಿನಿಂದ ಡ್ರಿಲ್ಲಿಂಗ್ ಮಷೀನಿನ ಮೈಗೆ, ಅದರ ಅರ್ತ್ ವೈರಿಗೆ, ಗೋಡೆಯೊಳಗಿನ ವೈರಿಂಗಿಗೆ, ಅಲ್ಲಿಂದ ಅರ್ತಾದ ಕಂಬಕ್ಕೆ, ಕಂಬದಿಂದ ಆಂಗಲ್ಲಿಗೆ. ಕಡ್ಡಿಯಷ್ಟು ದಪ್ಪ ಇಲ್ಲದ ಆ ಹಸಿರು ವೈರಿನಲ್ಲಿ ನೂರು ಆಂಪಿಯರ್. ಪೈಪಿನೊಳಗೆ ಸಿಪ್ಪೆ ಕರಗುತ್ತದೆ, ಕರೆಂಟು ಮಿತಿ ಮೀರಿದರೆ ಲೈನ್ ಕಡಿಯುವ ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ. ಆವತ್ತಿನಿಂದ ಆ ಡ್ರಿಲ್ಲಿಂಗ್ ಮಷೀನಿಗೆ ಅರ್ತ್ ಇಲ್ಲ. ಅದು ನಿಮಗೆ ತಿಳಿಯುವುದು ಇನ್ಯಾವತ್ತೋ, ಇನ್ಯಾರಿಗೋ ಹೊಡೆದಾಗ.

ಪವರ್ ಟಿಲ್ಲರಿನಲ್ಲೂ ರೋಟವೇಟರಿನಲ್ಲೂ ಇದೇ ಕತೆ. ಕ್ಲ್ಯಾಂಪು ಒಂದು ಕಡೆ, ವೆಲ್ಡಿಂಗು ಇನ್ನೊಂದು ಕಡೆ, ನಡುವೆ ಶಾಫ್ಟು ಬೇರಿಂಗು ಇದ್ದರೆ ಕರೆಂಟು ಬೇರಿಂಗಿನ ಗುಂಡುಗಳ ಮೂಲಕ ಹಾದು ಹೋಗುತ್ತದೆ. ಗುಂಡಿನ ಮೇಲೆ ಚುಕ್ಕೆ ಬೀಳುತ್ತದೆ. ಸ್ವಲ್ಪ ದಿನಕ್ಕೆ ಬೇರಿಂಗು ಕೂಗಲು ಶುರು ಮಾಡಿದಾಗ ಗಿರಾಕಿ ಬೇರಿಂಗಿನ ಕಂಪನಿಯನ್ನು ಬೈಯುತ್ತಾನೆ. ಈಗಿನ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ಸ್ ಬೇರೆ ಇದೆ, ಬ್ಯಾಟರಿ ವೈರ್ ಬಿಚ್ಚದೆ ವೆಲ್ಡಿಂಗ್ ಮಾಡಬೇಡಿ. ಗಟ್ಟಿ ಹಿಡಿಯುವ ಸ್ಪ್ರಿಂಗ್ ಕ್ಲ್ಯಾಂಪೋ ಸ್ಕ್ರೂ ಕ್ಲ್ಯಾಂಪೋ ಹಾಕಿ, ತುಕ್ಕು ಪೇಂಟು ಕೆರೆದು, ವೆಲ್ಡಿಂಗ್ ಮಾಡುವ ಜಾಗದ ಪಕ್ಕದಲ್ಲೇ, ಅದೇ ತುಂಡಿನ ಮೇಲೆ ಹಾಕಿ. ಬೀಡೂ ಚೆನ್ನಾಗಿ ಬರುತ್ತದೆ. ಸೇಫ್ಟಿಗಾಗಿ ಅಲ್ಲದಿದ್ದರೆ ಬೀಡಿಗಾಗಿಯಾದರೂ ಮಾಡಿ.

ಕಣ್ಣಿನ ವಿಷಯ ನಿಮಗೆ ಹೇಳಬೇಕಾದ್ದು ಕಡಿಮೆ, ಎಲ್ಲರೂ ಒಂದಲ್ಲ ಒಂದು ರಾತ್ರಿ ಅನುಭವಿಸಿದ್ದೀರಿ. ಬೆಳಿಗ್ಗೆ ಹೊಡೆದದ್ದು ರಾತ್ರಿ ಗೊತ್ತಾಗುತ್ತದೆ. ಆರೇಳು ತಾಸು ಕಳೆದ ಮೇಲೆ ಕಣ್ಣು ಚುಚ್ಚಲು ಶುರು, ನೀರು ಸುರಿಯುತ್ತದೆ, ಬೆಳಕು ನೋಡಲಿಕ್ಕೆ ಆಗುವುದಿಲ್ಲ. ಕಾರಣ ಬಿಸಿ ಅಲ್ಲ, ನೇರಳಾತೀತ ಕಿರಣ. ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪದರ ಸುಡುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿಯೇ ಮಾಯುತ್ತದೆ. ಆಲೂಗಡ್ಡೆ ಹೋಳು ಮುಚ್ಚಿದ ರೆಪ್ಪೆಯ ಮೇಲೆ ತಂಪಾಗಿ ಇದ್ದರೆ ಇರಲಿ, ಕಣ್ಣೊಳಗೆ ಮಾತ್ರ ಹಾಲು, ಎದೆಹಾಲು, ಈರುಳ್ಳಿ ರಸ ಏನೂ ಬೇಡ. ಮತ್ತೆ ಮೆಡಿಕಲ್ ಶಾಪಿನಿಂದ ಮರಗಟ್ಟಿಸುವ ಡ್ರಾಪ್ಸ್ ತಂದು ಗಂಟೆಗೊಮ್ಮೆ ಹಾಕಿಕೊಳ್ಳುತ್ತಾರೆ. ನೋವು ತಕ್ಷಣ ಹೋಗುತ್ತದೆ, ನಿಜ. ಆದರೆ ಅದು ಗಾಯ ಮಾಯದಂತೆ ತಡೆಯುತ್ತದೆ, ಪದೇ ಪದೇ ಹಾಕಿದರೆ ಕಣ್ಣಿಗೇ ಕುತ್ತು. ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಕಣ್ಣಿಗೆ ಹೊಡೆಯುವುದು ಜಾಸ್ತಿ ದೊಡ್ಡ ಬೀಡಿನಲ್ಲಿ ಅಲ್ಲ, ‘ಒಂದೇ ಒಂದು ಟ್ಯಾಕ್’, ಅಂದರೆ ತುಂಡು ಅಲುಗದಂತೆ ಒಂದು ಚುಕ್ಕೆ ವೆಲ್ಡಿಂಗ್, ಹಾಕುವಾಗ. ಶೀಲ್ಡು ಎಲ್ಲೋ ಇರುತ್ತದೆ, ಮುಖ ತಿರುಗಿಸಿ ಕಣ್ಣು ಮುಚ್ಚಿ ಟಕ್ ಅಂತ ಹಾಕುವುದು. ಅಂಥ ಟ್ಯಾಕು ದಿನಕ್ಕೆ ಎಷ್ಟಾಗುತ್ತವೆ ನೀವೇ ಯೋಚನೆ ಮಾಡಿ. ಪೀಸ್ ಹಿಡಿದು ನಿಂತ ಹುಡುಗನಿಗೆ ಅದೂ ಇಲ್ಲ, ಅವನು ನೋಡಲೇಬೇಕು, ಇಲ್ಲದಿದ್ದರೆ ಪೀಸ್ ಅಲುಗುತ್ತದೆ. ಅವನಿಗೂ ಒಂದು ಶೀಲ್ಡ್ ಕೊಡಿ. ತಂಪು ಕನ್ನಡಕ ಶೀಲ್ಡ್ ಅಲ್ಲ. ಹತ್ತು ನಂಬರ್ ರಾಡಿಗೆ 10 ಇಲ್ಲವೇ 11ನೇ ನಂಬರಿನ ಕಪ್ಪು ಗ್ಲಾಸ್ ಬೇಕು. ನಂಬರೇ ಇಲ್ಲದ ಗ್ಲಾಸ್ ತಗೋಬೇಡಿ, ಬಿರುಕು ಬಿಟ್ಟದ್ದನ್ನು ಇಟ್ಟುಕೊಳ್ಳಬೇಡಿ. ರಸ್ತೆ ಬದಿಯ ಅಂಗಡಿಯಾದರೆ ರಸ್ತೆ ಕಡೆಗೆ ಒಂದು ತಗಡು ನಿಲ್ಲಿಸಿ. ಶಾಲೆ ಬಿಟ್ಟ ಮಕ್ಕಳು ನಿಂತು ನೋಡುವುದು ಅದನ್ನೇ. ಬೀಡಿನ ಮೇಲೆ ಕಟ್ಟುವ ಸ್ಲ್ಯಾಗಿನ ಹಕ್ಕಳೆ ಕುಟ್ಟುವಾಗ ಬಿಳೀ ಕನ್ನಡಕ ಬೇಕು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಹೊಗೆ. ಅಡಿಕೆ ಒಣಗಿಸುವ ಶೆಡ್ಡುಗಳಿಗೆ ಈಗ ಎಲ್ಲರೂ ಜಿಐ ಪೈಪ್ ಕೇಳುತ್ತಾರೆ. ಅದರ ಮೇಲಿನ ಸತು ಸುಟ್ಟು ಬಿಳೀ ಹೊಗೆ ಏಳುತ್ತದೆ. ಅದನ್ನು ಕುಡಿದವನಿಗೆ ಸಂಜೆಗೆ ಬಾಯಿ ಸಿಹಿಯೋ ಲೋಹದ್ದೋ ರುಚಿ, ರಾತ್ರಿ ಚಳಿ ಜ್ವರ, ಮೈಕೈ ನೋವು. ಬೆಳಿಗ್ಗೆಗೋ ಮರುದಿನಕ್ಕೋ ಮಾಯ. ಮಳೆಯಲ್ಲಿ ನೆನೆದದ್ದಕ್ಕೆ ಬಂತು ಅಂದುಕೊಳ್ಳುತ್ತಾರೆ. ವಾರವಿಡೀ ಅದೇ ಕೆಲಸ ಮಾಡಿದರೆ ಮೈ ಒಗ್ಗಿಕೊಂಡ ಹಾಗಿರುತ್ತದೆ, ಭಾನುವಾರ ರಜೆ ಹಾಕಿ ಸೋಮವಾರ ಬಂದರೆ ಮತ್ತೆ ಜ್ವರ. ಹೊಗೆಗೆ ಮದ್ದು ಅಂತ ತಗೊಳ್ಳುವ ಬೆಲ್ಲ, ಬಾಳೆಹಣ್ಣು, ಹಾಲು ಹೊಟ್ಟೆಗೆ ಹೋಗುತ್ತವೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಜಾಯಿಂಟಿನ ಎರಡೂ ಕಡೆ ಸತುವನ್ನು ಗ್ರೈಂಡರಿನಲ್ಲಿ ತೆಗೆದು ವೆಲ್ಡ್ ಮಾಡಿ. ಗ್ರೈಂಡಿಂಗ್ ಧೂಳಿಗೂ ಮೂಗು ಮುಚ್ಚಿಕೊಳ್ಳಿ. ಗಾಳಿ ನಿಮ್ಮ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೋಗುವಂತೆ ನಿಲ್ಲಿ, ತಲೆ ಹೊಗೆಯ ನೆತ್ತಿಯ ಮೇಲೆ ಬೇಡ. ಮುಖಕ್ಕೆ ಕರ್ಚೀಫ್ ಕಟ್ಟಿದರೆ ಹೊಗೆ ನಿಲ್ಲುವುದಿಲ್ಲ, ಎನ್95 ಕಟ್ಟಿ. ಸ್ಟೀಲ್ ರೇಲಿಂಗ್ ಕೆಲಸದ ಹೊಗೆ ಇನ್ನೂ ಕೆಟ್ಟದ್ದು, ಅದರಲ್ಲಿ ಕ್ರೋಮಿಯಂ, ನಿಕಲ್ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನೇ ಒಟ್ಟಾಗಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೀಡಿ ಸಿಗರೇಟಿನ ಹೊಗೆ ಇರುವ ಗುಂಪು ಅದು.

ಖಾಲಿ ಡ್ರಮ್ಮಿನ ಬಗ್ಗೆ ಒಂದೇ ಮಾತು. ಖಾಲಿ ಅನ್ನುವುದು ನಮ್ಮ ಕಣ್ಣಿಗೆ. ಡೀಸೆಲ್ಲು, ಥಿನ್ನರು, ಪೆಟ್ರೋಲಿನ ಆವಿ ಒಳಗೇ ಕೂತಿರುತ್ತದೆ, ಗಾಳಿಯ ಜೊತೆ ಬೆರೆತು ಕಾಯುತ್ತಿರುತ್ತದೆ. ದಪ್ಪ ಎಣ್ಣೆಯ ಡ್ರಮ್ಮಾದರೂ ಅಂಚಿನ ಸಂದಿಯಲ್ಲಿ ಉಳಿದದ್ದು ಬಿಸಿಗೆ ಆವಿಯಾಗುತ್ತದೆ. ನೀರು ಹಾಕಿ ಅಲುಗಾಡಿಸಿ ಚೆಲ್ಲಿದರೆ ಸಾಲದು. ಒಳಗೆ ಏನಿತ್ತು ಅಂತ ಗೊತ್ತಿಲ್ಲದ ಡ್ರಮ್ಮು, ಬೈಕಿನ ಟ್ಯಾಂಕು ಬಂದರೆ ‘ಆಗಲ್ಲ’ ಅನ್ನಿ. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಹೋಗಲಿ. ಆ ಅಂಗಡಿಯವರೂ ಇಲ್ಲೇ ಕೂತಿದ್ದಾರೆ ತಾನೇ? ಅವರೂ ‘ಆಗಲ್ಲ’ ಅನ್ನಿ.

ಬೆಂಕಿಗೆ ಬಂದರೆ, ಅಡಿಕೆ ಮನೆಯವರ ಅಟ್ಟ ಹೇಗಿರುತ್ತದೆ ನಿಮಗೆ ಗೊತ್ತು. ಒಣ ಹಾಳೆ, ಗೋಣಿಚೀಲ, ಪಕ್ಕದಲ್ಲೇ ಹುಲ್ಲಿನ ಬಣವೆ. ಮೇಲಿನಿಂದ ಹಾರಿದ ಕಿಡಿ ಹತ್ತು ಹನ್ನೊಂದು ಮೀಟರ್ ದೂರಕ್ಕೂ ಹೋಗಿ ಬೀಳುತ್ತದೆ. ಗೋಣಿಯೊಳಗೆ ಬಿದ್ದದ್ದು ಉರಿಯುವುದಿಲ್ಲ, ಸುಮ್ನೆ ಒಳಗೊಳಗೇ ಹೊಗೆಯಾಡುತ್ತದೆ. ನೀವು ಮಷೀನು ಗಾಡಿಗೆ ಹೇರಿ ಹೊರಟ ಮೇಲೆ ಜ್ವಾಲೆ ಏಳುತ್ತದೆ. ಕೆಲಸ ಮುಗಿದ ಮೇಲೆ ಒಂದು ಗಂಟೆಯಾದರೂ ಒಬ್ಬ ಅಲ್ಲಿರಬೇಕು. ಅಮೆರಿಕದ ಅಗ್ನಿಸುರಕ್ಷತೆಯ ನಿಯಮದಲ್ಲಿ ಮೊದಲು ಇದು ಅರ್ಧ ಗಂಟೆ ಇತ್ತು, 2019ರಲ್ಲಿ ಒಂದು ಗಂಟೆಗೆ ಏರಿಸಿದರು. 1996ರ ಏಪ್ರಿಲ್ 11ರಂದು ಜರ್ಮನಿಯ ಡ್ಯೂಸಲ್ಡಾರ್ಫ್ ವಿಮಾನ ನಿಲ್ದಾಣದಲ್ಲಿ ಆದದ್ದು ನೋಡಿ. ವೆಲ್ಡಿಂಗ್ ನಡೆಯುತ್ತಿದ್ದದ್ದು ಮೇಲಿನ ರಸ್ತೆಯ ಜಾಯಿಂಟಿನಲ್ಲಿ, ಬೆಂಕಿ ಹಿಡಿದದ್ದು ಕೆಳಗಿನ ಟರ್ಮಿನಲ್ಲಿನ ಸೀಲಿಂಗಿನೊಳಗಿನ ಥರ್ಮಾಕೋಲಿಗೆ. 17 ಜನ ಸತ್ತರು. ನಮ್ಮ ಅಂಗಡಿಗಳ ಫಾಲ್ಸ್ ಸೀಲಿಂಗಿನೊಳಗೂ ಅದೇ ಥರ್ಮಾಕೋಲು ಇದೆ. ಮೇಲೆ ಕೆಲಸ ಮಾಡುವ ಮುಂಚೆ ಕೆಳಗಿನ ಮನೆಗೆ, ಗೋಡೆಯ ಆಚೆ ಬದಿಗೆ ಹೋಗಿ ನೋಡಿ ಬನ್ನಿ.

ಕೊನೆಗೆ ಪ್ರಶ್ನೆಗಳು ಬಂದವು. ಹಿಂದೆ ನಿಂತಿದ್ದ ಒಬ್ಬ ಹುಡುಗ ಕೇಳಿದ: ‘ಸಾರ್, ಮಳೆ ಬಂತು ಅಂತ ನಾನು ಕೆಲಸ ನಿಲ್ಲಿಸಿದ್ರೆ ಓನರ್ ಅರ್ಧ ದಿನದ ಸಂಬಳ ಹಿಡೀತಾರೆ. ಏನ್ ಮಾಡ್ಲಿ?’

ಇದಕ್ಕೆ ನಾನು ಅವನಿಗೆ ಉತ್ತರ ಹೇಳಲಿಲ್ಲ, ಓನರುಗಳ ಕಡೆ ತಿರುಗಿದೆ. ಮಳೆಯಲ್ಲಿ ನಿಲ್ಲಿಸುವುದು ನಿಮ್ಮ ತೀರ್ಮಾನ ಆಗಬೇಕು, ಅವನದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಮಳೆ ಬರುತ್ತದೆ ಅನ್ನುವುದು ಹೊಸ ಸುದ್ದಿ ಏನಲ್ಲ. ಸೈಟಿನ ಕೆಲಸ ಒಪ್ಪಿಕೊಳ್ಳುವಾಗಲೇ ರೇಟಿನಲ್ಲಿ ನಾಲ್ಕು ದಿನ ಸೇರಿಸಿ. ಆ ದಿನ ಕಟಿಂಗ್, ಗ್ರೈಂಡಿಂಗ್, ಪ್ರೈಮರ್ ಕೆಲಸವನ್ನು ಶೆಡ್ಡಿನೊಳಗೆ ಕೊಡಿ. ಒದ್ದೆ ನೆಲದಲ್ಲಿ ನಿಂತು ವೆಲ್ಡ್ ಮಾಡು ಅಂತ ಕಳಿಸಿ ಸಂಬಳದ ಹೆದರಿಕೆ ಹಾಕಿದರೆ, ಅವನಿಗೆ ಎಷ್ಟು ಗ್ಲೌಸ್ ಕೊಡಿಸಿದರೂ ದಂಡ. ಒಂದಿಬ್ಬರು ಮುಖ ಸಿಂಡರಿಸಿದರು. ಸಿಂಡರಿಸಲಿ.

ಇನ್ನೊಬ್ಬರು ಕೇಳಿದ್ದು: ‘ಹೊಸ ಮಷೀನ್ ತಗೋಬೇಕು ಅಂತಿದ್ದೀನಿ, ಯಾವುದು ಒಳ್ಳೇದು?’

ಕಂಪನಿ ಹೆಸರು ಹೇಳುವುದಿಲ್ಲ. ಡಿಸಿ ಇನ್ವರ್ಟರ್ ವೆಲ್ಡಿಂಗ್ ಮಷೀನ್ ತಗೊಳ್ಳಿ. ಅದೇ ವೋಲ್ಟಿನಲ್ಲಿ ಎಸಿಗಿಂತ ಡಿಸಿ ಮೈಗೆ ಕಡಿಮೆ ಅಪಾಯ. ಪ್ಲೇಟಿನ ಮೇಲೆ ಚೌಕದೊಳಗೆ ಎಸ್ ಅಕ್ಷರ ಇದೆಯಾ ನೋಡಿ, ಶಾಕಿನ ಅಪಾಯ ಜಾಸ್ತಿ ಇರುವ ಜಾಗಕ್ಕೂ ಆಗುವಂತೆ ಮಾಡಿದ್ದಾರೆ ಅಂತ ಅರ್ಥ. ವಿಆರ್‌ಡಿ ಇದ್ದರೆ ಇನ್ನೂ ಒಳ್ಳೆಯದು, ಕಿಡಿ ನಿಂತ ಕೂಡಲೇ ವೋಲ್ಟೇಜನ್ನು ಅದೇ ಇಳಿಸಿಬಿಡುತ್ತದೆ. ಕೆಲವರು ಸ್ಟ್ರೈಕ್ ಸರಿಯಾಗಿ ಆಗಲ್ಲ, ಅಂದರೆ ಕಿಡಿ ಸರಿಯಾಗಿ ಹತ್ತಲ್ಲ ಅಂತ ಅದನ್ನು ಬಿಚ್ಚಿಸುತ್ತಾರೆ, ಬಿಚ್ಚಿಸಬೇಡಿ. ಡ್ಯೂಟಿ ಸೈಕಲ್ 60 ಪರ್ಸೆಂಟ್ ಅಂದರೆ ಪ್ಲೇಟಿನಲ್ಲಿ ಅದರ ಪಕ್ಕ ಬರೆದ ಆಂಪಿಯರಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಉರಿಸಬಹುದು, ನಾಲ್ಕು ನಿಮಿಷ ಬಿಡಬೇಕು ಅಂತ.

‘ಅಷ್ಟು ದುಡ್ಡಿಲ್ಲ, ಹಳೇ ಟ್ರಾನ್ಸ್‌ಫಾರ್ಮರೇ ಇರೋದು’ ಅಂದರು ಪಕ್ಕದವರು.

ಇರಲಿ. ಅದರ ಪಕ್ಕದಲ್ಲೇ ಒಂದು ಒಳ್ಳೇ ಐಸೋಲೇಟರ್ ಸ್ವಿಚ್ ಹಾಕಿಸಿ. ಟ್ಯಾಂಕರಿನ ಒಳಗೋ, ಟ್ರಸ್ಸಿನ ಮೇಲೋ, ಒದ್ದೆ ಜಾಗದಲ್ಲೋ ಕೆಲಸ ಇದ್ದಾಗ ಒಬ್ಬ ಹೆಲ್ಪರನ್ನು ಆ ಸ್ವಿಚ್ಚಿನ ಹತ್ತಿರ ಕೂರಿಸಿ. ನೀವು ‘ರಾಡ್’ ಅಂದಾಗ ಅವನು ಆಫ್ ಮಾಡಬೇಕು, ನೀವು ಹೊಸ ರಾಡ್ ಸಿಕ್ಕಿಸಿ ‘ಹೂಂ’ ಅಂದ ಮೇಲೆ ಆನ್ ಮಾಡಬೇಕು. ಹೊತ್ತು ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಅಷ್ಟೆ. ಮತ್ತೆ ಅಷ್ಟು ಹೊತ್ತು ಅವನ ಮೊಬೈಲನ್ನು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ.